ಗಾಲಿ ಹಡಗಿನ ಮಾದರಿ: ಗಾಳಿಗೆ ವಾಲುತ್ತದೆ, ಚುಕ್ಕಾಣಿಗೆ ತಿರುಗುವುದಿಲ್ಲ

ಕೆರೆ_ಏರಿ · ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳು ಕೂತು ಕಟ್ಟಿದ ಹಡಗನ್ನು ಇವತ್ತು ಬೆಳಿಗ್ಗೆ ನೀರಿಗೆ ಬಿಟ್ಟೆ. ಮನೆಗೆ ಬಂದಾಗಿನಿಂದ ಊಟ ಸೇರುತ್ತಿಲ್ಲ.

ವೇವರ್ಲಿ ಅಂತ ಸ್ಕಾಟ್ಲೆಂಡಿನ ಪ್ಯಾಡಲ್ ಸ್ಟೀಮರ್ ಇದೆ, ಅಂದರೆ ಗಾಲಿಯಿಂದ ನೀರು ತಳ್ಳುತ್ತಾ ಓಡುವ ಹಬೆ ಹಡಗು. 1946ರಲ್ಲಿ ಗ್ಲಾಸ್ಗೋದಲ್ಲಿ ನೀರಿಗಿಳಿದು, 1947ರಿಂದ ಜನರನ್ನು ಹೊತ್ತು ಓಡಾಡಿದ ಹಡಗು. ಎರಡೂ ಪಕ್ಕದಲ್ಲಿ ದೊಡ್ಡ ಗಾಲಿ, ಮಧ್ಯೆ ಎರಡು ಕೆಂಪು ಚಿಮಣಿ. ಅದನ್ನೇ 1:72 ಅಳತೆಯಲ್ಲಿ ಮಾಡಿದ್ದೇನೆ. ಉದ್ದ ಒಂದು ಮೀಟರ್. ನೀರಿನ ಮಟ್ಟದಲ್ಲಿ ಅಗಲ 12.7 ಸೆಂ.ಮೀ., ಗಾಲಿ ಡಬ್ಬಗಳನ್ನೂ ಸೇರಿಸಿದರೆ 24. ಒಡಲು ಬಾಲ್ಸಾ ಮರದ ಪಟ್ಟಿ, ಹೊರಗೆ ಫೈಬರ್‌ಗ್ಲಾಸ್. ಡೆಕ್ ಮೇಲಿನ ಕೋಣೆಗಳು, ಚಿಮಣಿ ಎಲ್ಲ ತ್ರೀಡಿ ಪ್ರಿಂಟ್. ಗಾಲಿ ಹಿತ್ತಾಳೆಯದು, 7 ಸೆಂ.ಮೀ. ಒಂದೇ ಜಾನ್ಸನ್ ಗೇರ್ ಮೋಟಾರ್, ಎರಡು ಗಾಲಿಗೂ ಒಂದೇ ಅಚ್ಚು (ಆಕ್ಸಲ್). ಸೀಸದ ಪುಟ್ಟ 12 ವೋಲ್ಟ್ ಬ್ಯಾಟರಿ. ಒಟ್ಟು ತೂಕ 2.6 ಕೆಜಿ.

ತೊಂದರೆ ಹೇಳುತ್ತೇನೆ. ಎಡಗಡೆಯಿಂದ ಸ್ವಲ್ಪ ಗಾಳಿ ಬಂದರೂ ಬಲಕ್ಕೆ ವಾಲುತ್ತದೆ. ವಾಲಿದ ತಕ್ಷಣ ಮೂತಿ ತಾನಾಗಿ ಎಡಕ್ಕೆ ಹೊರಳುತ್ತದೆ. ಚುಕ್ಕಾಣಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿದರೂ ಕೇಳುವುದಿಲ್ಲ. ಕೊನೆಗೆ ದಡದ ಹುಲ್ಲಿಗೆ ಹೋಗಿ ಸಿಕ್ಕಿಕೊಂಡಿತು. ಪ್ಯಾಂಟ್ ಮಡಿಚಿ ಇಳಿದು ತಂದೆ. ಚುಕ್ಕಾಣಿ ದೊಡ್ಡದು ಮಾಡಲಾ, ಅಥವಾ ಬೇರೇನಾದರೂ ಇದೆಯಾ?

ಸೀಸದಗುಂಡು · ರಾತ್ರಿ 9:20

ತಳಕ್ಕೆ ಸೀಸ ಹಾಕಿ. ಟೈರ್ ಅಂಗಡಿಯಲ್ಲಿ ಗಾಲಿ ಬ್ಯಾಲೆನ್ಸ್ ಮಾಡುವ ಹಳೇ ಸೀಸದ ತುಂಡು ಸಿಗುತ್ತವೆ. ಅರ್ಧ ಕೆಜಿ ಸಾಕು. ನನ್ನ ಟಗ್ ದೋಣಿಗೆ (ದೊಡ್ಡ ಹಡಗನ್ನು ಎಳೆಯುವ, ತಳ್ಳುವ ದೋಣಿ) ಹಾಗೇ ಮಾಡಿದೆ, ಬಂಡೆ ತರಹ ನಿಂತಿತು.

ರೋಬೋ_ಜಯನಗರ · ರಾತ್ರಿ 9:26

ಎರಡು ಮೋಟಾರ್ ಹಾಕಿ ಬ್ರೋ. ಒಂದು ಗಾಲಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ನಿಂತಲ್ಲೇ ತಿರುಗುತ್ತದೆ. ಚುಕ್ಕಾಣಿ ಯಾಕೆ ಬೇಕು?

ಮೂಲಪ್ರತಿ · ರಾತ್ರಿ 9:31

ವೇವರ್ಲಿಯಲ್ಲಿ ಎರಡು ಗಾಲಿಗೂ ಒಂದೇ ಅಚ್ಚು. ಎರಡು ಮೋಟಾರ್ ಹಾಕಿದರೆ ಅದು ವೇವರ್ಲಿ ಆಗುವುದಿಲ್ಲ. ನೋಡಲು ಹಾಗೇ ಇದ್ದರೆ ಸಾಲದು, ನಡೆಯೂ ಹಾಗೇ ಇರಬೇಕು.

ರೋಬೋ_ಜಯನಗರ · ರಾತ್ರಿ 9:33

ಹುಲ್ಲಿಗೆ ಸಿಕ್ಕಿಕೊಳ್ಳುವ ನಡೆ ಯಾರಿಗೆ ಬೇಕು ಸಾರ್.

ತೂಕದ_ತಕ್ಕಡಿ · ರಾತ್ರಿ 10:05

ಚುಕ್ಕಾಣಿ, ಮೋಟಾರ್ ಎರಡನ್ನೂ ಸ್ವಲ್ಪ ಪಕ್ಕಕ್ಕಿಡಿ. ಇಲ್ಲಿ ಎರಡು ತೊಂದರೆ ಇಲ್ಲ, ಇರುವುದು ಒಂದೇ. ಪಕ್ಕದ ಗಾಲಿ ಇರುವ ಹಡಗಿನಲ್ಲಿ ವಾಲುವುದು, ತಿರುಗುವುದು ಒಂದಕ್ಕೊಂದು ಗಂಟು ಹಾಕಿಕೊಂಡಿರುತ್ತವೆ. ಪ್ರೊಪೆಲ್ಲರ್ ದೋಣಿ ಐದು ಡಿಗ್ರಿ ವಾಲಿದರೂ ಪ್ರೊಪೆಲ್ಲರ್ ನೀರಿನ ಒಳಗೇ ಇರುತ್ತದೆ. ನಿಮ್ಮದು ಬಲಕ್ಕೆ ವಾಲಿದಾಗ ಬಲಗಾಲಿ ಆಳಕ್ಕೆ ಇಳಿಯುತ್ತದೆ, ಎಡಗಾಲಿ ಮೇಲೆದ್ದು ಸುಮ್ನೆ ಗಾಳಿಯಲ್ಲಿ ಸುತ್ತುತ್ತದೆ. ಬಲಗಾಲಿ ಒಂದೇ ತಳ್ಳಿದರೆ ಮೂತಿ ಎಡಕ್ಕೆ ತಾನೇ ಹೋಗಬೇಕು? ನೀವು ನೋಡಿದ್ದು ಅದನ್ನೇ.

ಚುಕ್ಕಾಣಿ ಎರಡು ಪಟ್ಟು ಮಾಡಿದರೂ ಇದು ಹೋಗುವುದಿಲ್ಲ. ಮೊದಲು ಹಡಗು ನೆಟ್ಟಗೆ ನಿಲ್ಲಬೇಕು.

ಇನ್ನೊಂದು ಮಾತು. ಗಾಳಿಗೆ ಸ್ಕೇಲ್ ಇಲ್ಲ. ಹಡಗನ್ನು 72 ಪಟ್ಟು ಚಿಕ್ಕದು ಮಾಡಿದರೆ ವೇಗ 72ರ ವರ್ಗಮೂಲದಷ್ಟು, ಅಂದರೆ ಸುಮಾರು 8.5 ಪಟ್ಟು ಕಡಿಮೆ ಆಗಬೇಕು. ಕೆರೆ ಮೇಲೆ ಗಂಟೆಗೆ 10 ಕಿ.ಮೀ. ಗಾಳಿ ಬೀಸಿದರೆ ನಿಮ್ಮ ಹಡಗಿಗೆ ಅದು 85 ಕಿ.ಮೀ. ಬಿರುಗಾಳಿ. ಅಷ್ಟು ಗಾಳಿಗೆ ನಿಜವಾದ ಹಡಗೂ ಕಷ್ಟಪಡುತ್ತದೆ. ಆದ್ದರಿಂದ ಮಾದರಿಯು ಮೂಲಕ್ಕಿಂತ ಜಾಸ್ತಿ ಗಟ್ಟಿಯಾಗಿ ನಿಲ್ಲಬೇಕು.

ನೀರಿನಲ್ಲಿ ಎಷ್ಟು ಮುಳುಗಿತ್ತು, ಅಳೆದಿದ್ದೀರಾ?

ಕೆರೆ_ಏರಿ · ರಾತ್ರಿ 10:18

ಈಗ ಬಚ್ಚಲಿನ ದೊಡ್ಡ ಟಬ್ಬಿನಲ್ಲಿ ಬಿಟ್ಟು ನೋಡಿದೆ. ಸರಿಯಾಗಿ 4 ಸೆಂ.ಮೀ.

ತೂಕದ_ತಕ್ಕಡಿ · ರಾತ್ರಿ 10:29

ಮೂಲ ಹಡಗು ನೀರಿನಲ್ಲಿ ಮುಳುಗುವುದು ಆರು ಅಡಿ ಚಿಲ್ಲರೆ. 72ರಿಂದ ಭಾಗಿಸಿದರೆ 2.6 ಸೆಂ.ಮೀ. ನಿಮ್ಮದು 1.4 ಸೆಂ.ಮೀ. ಜಾಸ್ತಿ ಮುಳುಗಿದೆ. ಗಾಲಿ ಇರುವುದೇ 7 ಸೆಂ.ಮೀ., ಅದರಲ್ಲಿ 1.4 ಅಂದರೆ ಬಹಳ. ಗಾಲಿಯ ಹಲಗೆಗಳು ನೀರನ್ನು ಹಿಂದಕ್ಕೆ ತಳ್ಳುವ ಬದಲು, ಒಳಗೆ ಹೋಗುವಾಗ ಕೆಳಕ್ಕೆ ಬಡಿಯುತ್ತವೆ, ಹೊರಗೆ ಬರುವಾಗ ಮೇಲಕ್ಕೆ ಎತ್ತುತ್ತವೆ. ಮೋಟಾರಿನ ಶಕ್ತಿ ಅಲ್ಲೇ ಖರ್ಚು.

ಸೀಸದಗುಂಡು ಅವರೇ, ಬೇಜಾರು ಮಾಡಿಕೊಳ್ಳಬೇಡಿ. ಟಗ್‌ಗೆ ನಿಮ್ಮ ಮಾತು ಸರಿ. ಇಲ್ಲಿ ಇನ್ನರ್ಧ ಕೆಜಿ ಹಾಕಿದರೆ ಗಾಲಿ ಇನ್ನೂ ಮುಳುಗುತ್ತದೆ.

ಸೀಸದಗುಂಡು · ರಾತ್ರಿ 10:34

ಗಾಲಿಯ ಅಚ್ಚನ್ನು ಒಂದು ಸೆಂ.ಮೀ. ಮೇಲಕ್ಕೆ ಎತ್ತಿದರೆ ಆಯಿತಲ್ಲ?

ಪೀಣ್ಯ_ಲೇತ್ · ರಾತ್ರಿ 10:41

ಎತ್ತಿದರೆ ಗಾಲಿಯ ತೂಕವೂ ಮೇಲಕ್ಕೆ ಹೋಗುತ್ತದೆ. ಗಾಲಿ ಡಬ್ಬದ ಆಕಾರ ಕೆಡುತ್ತದೆ. ನಾನು ಒಪ್ಪುವುದಿಲ್ಲ.

ಹರಿಗೋಲು · ರಾತ್ರಿ 11:02

ತಲಕಾಡಿನಲ್ಲಿ ಹರಿಗೋಲು ಹತ್ತಿದವರಿಗೆ ಗೊತ್ತು. ಒಬ್ಬರು ಒಂದು ಕಡೆ ಬಗ್ಗಿದರೂ ಸುಲಭಕ್ಕೆ ಮಗುಚುವುದಿಲ್ಲ, ಅಷ್ಟು ಅಗಲ. ಆದರೆ ಹುಟ್ಟು ಹಾಕುವವನು ಒಂದು ಕ್ಷಣ ಕೈ ಬಿಟ್ಟರೆ ಬುಗುರಿ ತರಹ ಸುತ್ತುತ್ತದೆ. ಅಲ್ಲಾಡದೆ ನಿಲ್ಲುವುದೇ ಬೇರೆ, ನೇರ ಹೋಗುವುದೇ ಬೇರೆ. ಉದ್ದ, ಸಪೂರ ಒಡಲು ನೇರ ಹೋಗುತ್ತದೆ, ಆದರೆ ವಾಲುತ್ತದೆ. ಪ್ಯಾಡಲ್ ಸ್ಟೀಮರ್ ಕಟ್ಟುವವರಿಗೆ ಎರಡೂ ಬೇಕು, ಅದಕ್ಕೇ ಇದು ಕಷ್ಟದ ಕೆಲಸ.

ಮಗಳ_ಜೊತೆ · ಸೋಮವಾರ ಬೆಳಿಗ್ಗೆ 7:15

ನಾನು ಹೊಸಬಳು. ಮಗಳು ಆರನೇ ಕ್ಲಾಸು. ಕಡಲೆಕಾಯಿ ಪರಿಷೆಯಲ್ಲಿ ತಗಡಿನ ಟುಕುಟುಕು ದೋಣಿ ತಂದಾಗಿನಿಂದ ಹಬೆ ಹಡಗಿನ ಹುಚ್ಚು ಹಿಡಿದಿದೆ. ಒಂದು ಪ್ರಶ್ನೆ. ನಿಜವಾದ ಹಡಗಿನಲ್ಲಿ ಪ್ರಯಾಣಿಕರೆಲ್ಲ ಒಂದೇ ಕಡೆ ಬಂದು ನಿಂತರೆ ಇದೇ ತೊಂದರೆ ಆಗುವುದಿಲ್ಲವಾ?

ತೂಕದ_ತಕ್ಕಡಿ · ಬೆಳಿಗ್ಗೆ 7:40

ಬಹಳ ಒಳ್ಳೆ ಪ್ರಶ್ನೆ. ಆಗುತ್ತದೆ. ದಡದ ಕಡೆ ನೋಡಲು ಜನ ಒಂದೇ ಪಕ್ಕ ಸೇರಿದರೆ ಒಂದು ಗಾಲಿ ಮುಳುಗಿ ಇನ್ನೊಂದು ಏಳುತ್ತದೆ, ಹಡಗು ಪಕ್ಕಕ್ಕೆ ಎಳೆಯುತ್ತದೆ. ಎರಡು ಗಾಲಿಗಳಿಗೂ ಬೇರೆ ಬೇರೆ ಇಂಜಿನ್ ಇದ್ದರೆ ಇನ್ನೂ ಅಪಾಯ, ಮೇಲೆದ್ದ ಗಾಲಿ ಭಾರವಿಲ್ಲದೆ ಓಟ ಕೀಳುತ್ತದೆ. ಒಂದೇ ಅಚ್ಚು ಇದ್ದರೆ ಎರಡೂ ಒಂದನ್ನೊಂದು ಹಿಡಿದಿಟ್ಟುಕೊಳ್ಳುತ್ತವೆ. ಮೂಲಪ್ರತಿ ಅವರ ಹಟಕ್ಕೆ ಒಳ್ಳೆ ಕಾರಣ ಇದೆ.

ಮಗಳ_ಜೊತೆ · ಬೆಳಿಗ್ಗೆ 7:44

ಟುಕುಟುಕು ದೋಣಿ ಯಾವ ಕಾಲದ್ದು ಅಂತ ಅವಳು ಕೇಳುತ್ತಿದ್ದಾಳೆ.

ಹರಿಗೋಲು · ಬೆಳಿಗ್ಗೆ 8:10

ಥಾಮಸ್ ಪಿಯೋ ಎಂಬಾತ 1891ರಲ್ಲಿ ಬ್ರಿಟನ್ನಿನಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಪುಟ್ಟ ಬಾಯ್ಲರ್, ಹಿಂದಕ್ಕೆ ಕೊಳವೆ, ಕೆಳಗೆ ದೀಪ. ಹಬೆ ನೀರನ್ನು ಹೊರಗೆ ತಳ್ಳುತ್ತದೆ, ತಣ್ಣಗಾದಾಗ ಕೊಳವೆ ಮತ್ತೆ ನೀರು ಹೀರುತ್ತದೆ. ಹೀರುವಾಗ ನೀರು ಸುತ್ತಲಿಂದ ಬರುತ್ತದೆ, ತಳ್ಳುವಾಗ ನೇರ ಹಿಂದಕ್ಕೆ ಹೋಗುತ್ತದೆ. ಅದಕ್ಕೇ ದೋಣಿ ಮುಂದಕ್ಕೆ. ಮಗಳಿಗೆ ಹೇಳಿ, ಅವಳ ಕೈಯಲ್ಲಿರುವುದು ನಿಜವಾದ ಹಬೆ ಇಂಜಿನ್ನೇ.

ರೋಬೋ_ಜಯನಗರ · ಬೆಳಿಗ್ಗೆ 8:30

ಗಾಲಿ ಹಡಗು ಸೋತದ್ದು 1845ರಲ್ಲೇ ಅಲ್ವಾ? ರ‍್ಯಾಟ್ಲರ್ ಅನ್ನುವ ಪ್ರೊಪೆಲ್ಲರ್ ಹಡಗನ್ನೂ ಅಲೆಕ್ಟೋ ಅನ್ನುವ ಗಾಲಿ ಹಡಗನ್ನೂ ಹಿಂಬದಿಗೆ ಹಗ್ಗ ಕಟ್ಟಿ ಎಳೆಸಿದರು. ಅಲೆಕ್ಟೋವನ್ನು ರ‍್ಯಾಟ್ಲರ್ ಹಿಂದಕ್ಕೆ ದರದರ ಎಳೆದುಕೊಂಡು ಹೋಯಿತು.

ಪೀಣ್ಯ_ಲೇತ್ · ಬೆಳಿಗ್ಗೆ 8:52

ಸೋತಿದ್ದರೆ 1957-58ರಲ್ಲಿ ಬ್ರಿಟಿಷ್ ನೌಕಾಪಡೆ ಯಾಕೆ ಏಳು ಹೊಸ ಗಾಲಿ ಟಗ್ ಕಟ್ಟಿಸಿತು? ಡೈರೆಕ್ಟರ್ ದರ್ಜೆ. ಡೀಸೆಲ್ ಎಲೆಕ್ಟ್ರಿಕ್, ಪ್ರತಿ ಗಾಲಿಗೂ ಬೇರೆ ಮೋಟಾರ್. ದೊಡ್ಡ ವಿಮಾನವಾಹಕ ಹಡಗುಗಳ ಚಾಚಿದ ಅಂಚಿನ ಕೆಳಗೆ ಹೋಗಿ ತಳ್ಳಬೇಕು ಅಂತ ಕಂಬವನ್ನೂ ಮಡಿಚುವ ಹಾಗೆ ಮಾಡಿದ್ದರು. ಇಕ್ಕಟ್ಟಿನಲ್ಲಿ ತಿರುಗಲು ಗಾಲಿಗಿಂತ ಒಳ್ಳೆಯದು ಇಲ್ಲ. ನಿಂತಿರುವ ಹಡಗು ಗಾಲಿಯಿಂದ ತಕ್ಷಣ ಹೊರಡುತ್ತದೆ, ತಕ್ಷಣ ನಿಲ್ಲುತ್ತದೆ.

ರೋಬೋ_ಜಯನಗರ · ಬೆಳಿಗ್ಗೆ 8:55

ಅಂದರೆ ಎರಡು ಮೋಟಾರ್ ಅಂತ ನಾನು ಹೇಳಿದ್ದೇ ಸರಿ.

ಮೂಲಪ್ರತಿ · ಬೆಳಿಗ್ಗೆ 9:10

ಟಗ್‌ಗೆ ಸರಿ. ಇದು ಟಗ್ ಅಲ್ಲ.

ಪದ್ಮಾ_ತೀರ · ಬೆಳಿಗ್ಗೆ 11:20

ಢಾಕಾದಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ. ಅಲ್ಲಿನ ಗಾಲಿ ಸ್ಟೀಮರುಗಳನ್ನು ಜನ 'ರಾಕೆಟ್' ಅಂತ ಕರೆಯುತ್ತಾರೆ. ಮಹ್ಸೂದ್, ಆಸ್ಟ್ರಿಚ್ ಅಂತೆಲ್ಲ ಹೆಸರು. 1920ರ ದಶಕದಲ್ಲಿ ಕೋಲ್ಕತ್ತಾದ ಗಾರ್ಡನ್ ರೀಚ್‌ನಲ್ಲಿ ಕಟ್ಟಿದವು, ಆಮೇಲೆ ಹಬೆ ಹೋಗಿ ಡೀಸೆಲ್ ಬಂತು. ಮಹ್ಸೂದ್‌ನಲ್ಲಿ ಒಂದು ರಾತ್ರಿ ಹೋಗಿದ್ದೆ. ಮಲಗಿದರೆ ಹಾಸಿಗೆ ಕೆಳಗಿಂದ ಹಲಗೆಗಳ ಧಪ್ ಧಪ್ ಸದ್ದು ಎದೆಗೇ ಬಡಿಯುತ್ತಿತ್ತು. ಬೆಳಗಿನ ಜಾವ ಒಂದು ಸಣ್ಣ ನದಿ ನಿಲ್ದಾಣಕ್ಕೆ ಬಂದಾಗ ನೀರು ಎಷ್ಟು ಕಡಿಮೆ ಇತ್ತೆಂದರೆ ಗಾಲಿ ಎತ್ತಿದ ನೀರಿನ ತುಂಬ ಕೆಸರು. ಆಳ ಇಲ್ಲದ ನದಿಯಲ್ಲಿ ಪ್ರೊಪೆಲ್ಲರ್ ಮಣ್ಣು ಕಚ್ಚುವ ಕಡೆ ಇವು ಸಲೀಸಾಗಿ ಹೋಗುತ್ತವೆ. ಸೋತವು ಅನ್ನಬೇಡಿ.

ಕೆರೆ_ಏರಿ · ಮಧ್ಯಾಹ್ನ 1:30

ಓದುತ್ತಾ ಕಣ್ಣು ತುಂಬಿತು ಪದ್ಮಾ_ತೀರ ಅವರೇ. ಆ ಸದ್ದಿಗಾಗಿಯೇ ನಾನು ಪ್ರೊಪೆಲ್ಲರ್ ಬಿಟ್ಟು ಗಾಲಿ ಆರಿಸಿದ್ದು.

ತೂಕದ_ತಕ್ಕಡಿ ಅವರಿಗೆ: ಹಾಗಾದರೆ ಎಲ್ಲಿಂದ ಶುರು ಮಾಡಲಿ?

ತೂಕದ_ತಕ್ಕಡಿ · ಮಧ್ಯಾಹ್ನ 2:45

ಅಳೆಯುವುದರಿಂದ. ದೊಡ್ಡ ಹಡಗು ಕಟ್ಟುವವರು ಮಾಡುವ ಪರೀಕ್ಷೆಯನ್ನೇ ಟಬ್ಬಿನಲ್ಲಿ ಮಾಡಬಹುದು. ಡೆಕ್ ನಡುವೆ, ಸರಿಯಾಗಿ ಮಧ್ಯದ ಗೆರೆ ಮೇಲೆ 50 ಗ್ರಾಂ ತೂಕ ಇಡಿ. ಹಡಗು ನೆಟ್ಟಗಿರಬೇಕು. ಈಗ ಅದನ್ನೇ ಪಕ್ಕಕ್ಕೆ 10 ಸೆಂ.ಮೀ. ಸರಿಸಿ. ಎಷ್ಟು ಡಿಗ್ರಿ ವಾಲಿತು ಅಂತ ಫೋನಿನ ಲೆವೆಲ್ ಆ್ಯಪ್‌ನಲ್ಲಿ ನೋಡಿ. ಫೋನನ್ನು ಹಡಗಿನ ಮೇಲೆ ಇಡಬೇಡಿ, ಅದೇ 200 ಗ್ರಾಂ ಇರುತ್ತದೆ. ಡೆಕ್ ಮೇಲೆ ಅಡ್ಡಕ್ಕೆ ಒಂದು ಪೊರಕೆಕಡ್ಡಿ ಅಂಟಿಸಿ, ಹೊರಗಿನಿಂದ ಫೋನನ್ನು ಅದರ ಸಮಕ್ಕೆ ಹಿಡಿಯಿರಿ.

ಲೆಕ್ಕ ಸುಲಭ. ಸರಿಸಿದ ತೂಕವನ್ನು ಸರಿಸಿದ ದೂರದಿಂದ ಗುಣಿಸಿ. ಅದನ್ನು ಹಡಗಿನ ಒಟ್ಟು ತೂಕ ಮತ್ತು ವಾಲಿದ ಕೋನದ ಟ್ಯಾನ್ ಎರಡರ ಗುಣಲಬ್ಧದಿಂದ ಭಾಗಿಸಿ. ಬರುವ ಸಂಖ್ಯೆಗೆ ಜಿ.ಎಂ. ಅನ್ನುತ್ತಾರೆ. ಅದು ಜಾಸ್ತಿ ಇದ್ದಷ್ಟೂ ಹಡಗು ಗಟ್ಟಿಯಾಗಿ ನಿಲ್ಲುತ್ತದೆ.

ಕೆರೆ_ಏರಿ · ರಾತ್ರಿ 8:50

ಮಾಡಿದೆ. 11 ಡಿಗ್ರಿ ವಾಲಿತು! ಲೆಕ್ಕ ಹಾಕಿದರೆ ಜಿ.ಎಂ. ಸುಮಾರು 1 ಸೆಂ.ಮೀ.

ತೂಕದ_ತಕ್ಕಡಿ · ರಾತ್ರಿ 9:15

ಬಹಳ ಕಡಿಮೆ. 50 ಗ್ರಾಂಗೆ 11 ಡಿಗ್ರಿ ಅಂದರೆ ಗಾಳಿಗೆ ಹಾಗೆ ವಾಲಿದ್ದು ಆಶ್ಚರ್ಯ ಅಲ್ಲ. ಪ್ರತಿ ಭಾಗವನ್ನೂ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಇಲ್ಲಿ ಬರೆಯಿರಿ. ಯಾವುದು ಎಷ್ಟು ಎತ್ತರದಲ್ಲಿದೆ ಅಂತಲೂ ಬರೆಯಿರಿ.

ಕೆರೆ_ಏರಿ · ರಾತ್ರಿ 10:40

ಪ್ರಿಂಟ್ ಮಾಡಿದ ಕೋಣೆಗಳು, ಚಿಮಣಿ ಸೇರಿ 480 ಗ್ರಾಂ. ಹಿತ್ತಾಳೆ ಗಾಲಿ ಒಂದೊಂದು 170. ಬ್ಯಾಟರಿ 570. ಮೋಟಾರ್, ಅಚ್ಚು, ಗೇರ್ ಸೇರಿ 350. ಬ್ಯಾಟರಿಗೆ ಕೆಳಗೆ ಜಾಗ ಸಾಲದೆ ಮೋಟಾರಿನ ಮೇಲೆ ಪ್ಲೈವುಡ್ ಹಲಗೆ ಹಾಕಿ ಅದರ ಮೇಲೆ ನಿಲ್ಲಿಸಿದ್ದೇನೆ. ಬರೆಯುವಾಗಲೇ ತಪ್ಪು ಎಲ್ಲಿದೆ ಅಂತ ಕಾಣುತ್ತಿದೆ.

ಸೀಸದಗುಂಡು · ರಾತ್ರಿ 10:48

ಅಯ್ಯೋ, ಬ್ಯಾಟರಿ ಮೇಲಿತ್ತಾ! ಹಾಗಾದರೆ ನನ್ನ ಮಾತು ವಾಪಸ್. ಅರ್ಧ ಕೆಜಿ ಸೀಸ ನಿಮ್ಮ ಹತ್ತಿರವೇ ಇದೆ, ತಪ್ಪು ಜಾಗದಲ್ಲಿ ಕೂತಿದೆ ಅಷ್ಟೆ. ಸೀಲ್ ಮಾಡಿದ ಬ್ಯಾಟರಿಯನ್ನು ಅಡ್ಡ ಮಲಗಿಸಬಹುದು, ಆಸಿಡ್ ಸುರಿಯುವುದಿಲ್ಲ. ತಳಕ್ಕೆ ಮಲಗಿಸಿ.

ರೋಬೋ_ಜಯನಗರ · ರಾತ್ರಿ 10:55

ಸೀಸದ ಬ್ಯಾಟರಿ ಯಾಕೆ, ಲಿಥಿಯಂ ಸೆಲ್ ಮೂರು ಹಾಕಿದರೆ 150 ಗ್ರಾಂ ಒಳಗೆ ಮುಗಿಯಿತು.

ಸೀಸದಗುಂಡು · ರಾತ್ರಿ 11:01

ಹಗುರ ಮಾಡಿ ಆಮೇಲೆ ತಳಕ್ಕೆ ಸೀಸ ಹಾಕಬೇಕು. ಬ್ಯಾಟರಿಯೇ ಸೀಸ ಆದರೆ ಎರಡು ಕೆಲಸ ಒಂದರಲ್ಲೇ ಆಗುತ್ತದೆ.

ತೂಕದ_ತಕ್ಕಡಿ · ರಾತ್ರಿ 11:20

ಈ ಸಲ ಸೀಸದಗುಂಡು ಅವರ ಕಡೆ ನನ್ನ ಮತ. ಮೇಲಿನದನ್ನು ಹಗುರ ಮಾಡಿ, ಬ್ಯಾಟರಿ ಕೆಳಗೆ ಮಲಗಿಸಿ. ಒಟ್ಟು 1.9 ಕೆಜಿಗೆ ಇಳಿದರೆ ಎರಡು ಲಾಭ. ತೂಕದ ಕೇಂದ್ರ ಕೆಳಗೆ ಬರುತ್ತದೆ. ಜೊತೆಗೆ ಅದೇ ಅಗಲದ ಒಡಲು ಕಡಿಮೆ ನೀರನ್ನು ಸರಿಸುವುದರಿಂದ ಅಗಲದ ಬಲ ಇನ್ನೂ ಜಾಸ್ತಿ ಸಿಗುತ್ತದೆ. ಹಗುರ ಆದರೆ ಅಲ್ಲಾಡುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಗಲ ಅಷ್ಟೇ ಇದ್ದು ಮೇಲಿನ ಭಾಗದಿಂದ ತೂಕ ತೆಗೆದರೆ ಅದು ಉಲ್ಟಾ.

ಪೀಣ್ಯ_ಲೇತ್ · ಮಂಗಳವಾರ ಬೆಳಿಗ್ಗೆ 6:50

ಹಿತ್ತಾಳೆ ಗಾಲಿಯನ್ನು ಬಿಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಮೂಲ ವೇವರ್ಲಿ ಗಾಲಿಗೆ ಎಂಟು ಹಲಗೆ. ಅವು ಸುಮ್ನೆ ಗಾಲಿಗೆ ಬಡಿದ ಹಲಗೆಗಳಲ್ಲ. ಪ್ರತಿಯೊಂದೂ ತನ್ನ ಪಿನ್ನಿನ ಮೇಲೆ ತಿರುಗುತ್ತದೆ. ಗಾಲಿಯ ಕೇಂದ್ರದಿಂದ ಸ್ವಲ್ಪ ಆಚೆ ಇನ್ನೊಂದು ಕೇಂದ್ರ ಇರುತ್ತದೆ. ಅಲ್ಲಿಂದ ಪ್ರತಿ ಹಲಗೆಯ ತೋಳಿಗೂ ಒಂದು ಕಡ್ಡಿ. ಆ ಕಡ್ಡಿಗಳಲ್ಲಿ ಒಂದು ಮಾತ್ರ ಗಟ್ಟಿ ಬಿಗಿದದ್ದು, ಅದು ಉಳಿದವನ್ನೂ ಸುತ್ತಿಸಿಕೊಂಡು ಹೋಗುತ್ತದೆ. ಇದರಿಂದ ಹಲಗೆ ನೀರಿಗೆ ಇಳಿಯುವಾಗ, ಏಳುವಾಗ ಹೆಚ್ಚುಕಡಿಮೆ ನೆಟ್ಟಗೇ ಇರುತ್ತದೆ, ನೀರನ್ನು ಬಡಿಯುವುದಿಲ್ಲ. ಗ್ಯಾಲೊವೇ ಎಂಬಾತ 1829ರಲ್ಲಿ ಪೇಟೆಂಟ್ ಪಡೆದ ಉಪಾಯ. 1 ಮಿಲಿ ಪಿನ್ ಹಾಕಿ ನಾನು 9 ಸೆಂ.ಮೀ. ಗಾಲಿಯೊಂದನ್ನು ಮಾಡಿದ್ದೇನೆ. ನಾಲ್ಕು ಭಾನುವಾರ ಹಿಡಿಯಿತು. ಕೈಯಲ್ಲಿ ಹಿಡಿದು ತಿರುಗಿಸಿದರೆ ಎಂಟೂ ಹಲಗೆ ಒಂದರ ಹಿಂದೆ ಒಂದು ತಲೆ ಬಾಗಿಸಿ ಏಳುತ್ತವೆ. ಅದನ್ನು ನೋಡಲು ಪಕ್ಕದ ಶೆಡ್ಡಿನವರೆಲ್ಲ ಬಂದಿದ್ದರು.

ತೂಕದ_ತಕ್ಕಡಿ · ಬೆಳಿಗ್ಗೆ 7:30

ಅಂಥ ಗಾಲಿ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವರ ಹಿತ್ತಾಳೆ ಗಾಲಿಯ ಹಲಗೆಗಳು ತಿರುಗುವುದಿಲ್ಲ ಅಲ್ವಾ? ತಿರುಗದ ಗಾಲಿಗೆ 170 ಗ್ರಾಂ ಯಾಕೆ? ಅದೂ ನೀರಿನ ಮಟ್ಟಕ್ಕಿಂತ ಮೇಲೆ, ಎರಡು ಅಂಚಿನಲ್ಲಿ.

ಕೆರೆ_ಏರಿ · ಬೆಳಿಗ್ಗೆ 7:42

ಹೌದು, ನನ್ನದು ಸುಮ್ನೆ ಬಿಗಿದ ಹಲಗೆಗಳು.

ಪೀಣ್ಯ_ಲೇತ್ · ಬೆಳಿಗ್ಗೆ 7:50

ಹಾಗಿದ್ದರೆ ಒಪ್ಪಿದೆ. 1.5 ಮಿಲಿ ಪ್ಲೈಯನ್ನು ಲೇಸರ್‌ನಲ್ಲಿ ಕತ್ತರಿಸಿ ಮಾಡಿ, ಒಂದೊಂದು 60 ಗ್ರಾಂ ಒಳಗೆ ಬರುತ್ತದೆ. ಗುಂಬ, ಅಂದರೆ ಗಾಲಿಯ ನಡುವಿನ ಭಾಗ, ಮಾತ್ರ ಹಿತ್ತಾಳೆ ಇರಲಿ, ನಾನೇ ತಿರುವಿ ಕೊಡುತ್ತೇನೆ. ಕೆಳಗಿನ ಹಲಗೆಯ ಮೇಲಂಚು ನೀರಿನಿಂದ ಒಂದೆರಡು ಮಿಲಿ ಕೆಳಗಿರಬೇಕು, ಅದಕ್ಕಿಂತ ಆಳ ಬೇಡ.

ಮಗಳ_ಜೊತೆ · ಮಧ್ಯಾಹ್ನ 12:05

ನಾವು ಥರ್ಮಾಕೋಲ್ ದೋಣಿಗೆ ರೆಸಿನ್ ಹಚ್ಚಿದೆವು. ಅರ್ಧ ಗಂಟೆಯಲ್ಲಿ ದೋಣಿ ಕರಗಿ ಹಳ್ಳ ಬಿತ್ತು. ಮಗಳು ಅತ್ತಳು. ಯಾಕೆ ಹೀಗಾಯಿತು?

ಸೀಸದಗುಂಡು · ಮಧ್ಯಾಹ್ನ 12:20

ಪಾಲಿಯೆಸ್ಟರ್ ರೆಸಿನ್ ಹಚ್ಚಿರುತ್ತೀರಿ. ಅದರಲ್ಲಿರುವ ಸ್ಟೈರೀನ್ ಥರ್ಮಾಕೋಲನ್ನು ತಿಂದುಹಾಕುತ್ತದೆ. ಎಪಾಕ್ಸಿ ತೆಗೆದುಕೊಳ್ಳಿ, ಅದು ಏನೂ ಮಾಡುವುದಿಲ್ಲ. ಕಿಟಕಿ ತೆಗೆದಿಟ್ಟು, ಗ್ಲೌಸ್ ಹಾಕಿಕೊಂಡು ಮಾಡಿ. ಮಗಳಿಗೆ ಹೇಳಿ, ಇಲ್ಲಿರುವ ಬಹಳ ಜನ ಒಂದು ದೋಣಿಯನ್ನು ಹಾಗೆ ಕಳೆದುಕೊಂಡವರೇ.

ಹರಿಗೋಲು · ಮಧ್ಯಾಹ್ನ 12:31

ಮೊದಲ ಹಡಗಿಗೆ ಹಿಂಗಾಲಿ ಹಡಗು ಮಾಡಿಸಿ. ಮಿಸಿಸಿಪ್ಪಿಯಲ್ಲಿ ಓಡುತ್ತಿದ್ದವಲ್ಲ, ಹಿಂದೆ ಒಂದೇ ದೊಡ್ಡ ಗಾಲಿ. ತಳ ಚಪ್ಪಟೆ, ಅಗಲ ಪೂರ್ತಿ ಸಿಗುತ್ತದೆ. ವಾಲಿದರೂ ಗಾಲಿ ಒಂದೇ ಆದ್ದರಿಂದ ಅಷ್ಟು ಪಕ್ಕಕ್ಕೆ ಎಳೆಯುವುದಿಲ್ಲ. ಗಾಲಿಯ ಮುಂದೆ ಎರಡು ಮೂರು ಚುಕ್ಕಾಣಿ ಇಟ್ಟರೆ, ಹಿಂದಕ್ಕೆ ಓಡಿಸುವಾಗ ಗಾಲಿ ಎಸೆಯುವ ನೀರು ನೇರ ಅವುಗಳ ಮೇಲೆ ಬೀಳುತ್ತದೆ. ಹಿಮ್ಮುಖವಾಗಿಯೂ ಹೇಳಿದಂತೆ ತಿರುಗುತ್ತದೆ.

ರೋಬೋ_ಜಯನಗರ · ಸಂಜೆ 6:10

ಸರಿ, ಈಗ ತಿರುಗಿಸುವ ವಿಷಯಕ್ಕೆ ಬರೋಣ. ಪಕ್ಕದ ಗಾಲಿಗಳ ನೀರು ಚುಕ್ಕಾಣಿಗೆ ಬಡಿಯುವುದೇ ಇಲ್ಲ. ಹಡಗು ಓಡುತ್ತಿದ್ದರೆ ಮಾತ್ರ ಚುಕ್ಕಾಣಿಗೆ ಕೆಲಸ. ನಿಂತಾಗ ಇದ್ದೂ ಇಲ್ಲದ ಹಾಗೆ. ಅದಕ್ಕೇ ಎರಡು ಮೋಟಾರ್ ಅನ್ನುತ್ತಿದ್ದೇನೆ. ಆದರೆ ಮೂಲಪ್ರತಿ ಸಾರ್ ಹೇಳಿದ್ದನ್ನು ಯೋಚನೆ ಮಾಡಿದೆ. ಟ್ಯಾಂಕ್ ತರಹ ನಿಂತಲ್ಲೇ ಸುತ್ತುವ ವೇವರ್ಲಿ ನೋಡಲು ಚೆನ್ನಾಗಿರುವುದಿಲ್ಲ, ಒಪ್ಪುತ್ತೇನೆ. ರಿಮೋಟಿನಲ್ಲೇ ಮಿಕ್ಸಿಂಗ್ ಇರುತ್ತದೆ, ಅಂದರೆ ಚುಕ್ಕಾಣಿ ತಿರುಗಿಸಿದರೆ ಮೋಟಾರಿನ ವೇಗವೂ ತಾನಾಗಿ ಬದಲಾಗುತ್ತದೆ. ಚುಕ್ಕಾಣಿ ಪೂರ್ತಿ ತಿರುಗಿಸಿದಾಗ ಒಳಗಿನ ಗಾಲಿಯ ವೇಗ ಶೇ. 30-40 ಮಾತ್ರ ಕಡಿಮೆ ಆಗುವ ಹಾಗೆ ಇಡಿ. ಉಲ್ಟಾ ತಿರುಗುವುದು ಬೇಡ. ಬೇಕಾದರೆ ಒಂದು ಸ್ವಿಚ್ ಒತ್ತಿ ಮಿಕ್ಸಿಂಗ್ ಪೂರ್ತಿ ತೆಗೆಯಿರಿ, ಮೂಲದ ಹಾಗೇ ಓಡುತ್ತದೆ.

ಮೂಲಪ್ರತಿ · ಸಂಜೆ 6:40

ಸ್ವಿಚ್ ಇದ್ದರೆ ನನ್ನ ಅಡ್ಡಿ ಇಲ್ಲ. ಆದರೆ ಎರಡು ಮೋಟಾರ್ ಒಂದೇ ವೇಗಕ್ಕೆ ಓಡುವುದಿಲ್ಲ ಅನ್ನುವುದನ್ನು ಮರೆಯಬೇಡಿ. ನೇರ ಬಿಟ್ಟರೂ ಒಂದು ಕಡೆ ಎಳೆಯುತ್ತದೆ.

ರೋಬೋ_ಜಯನಗರ · ಸಂಜೆ 6:44

ನಿಜ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ನಾಲ್ಕು ಮೋಟಾರ್ ತಂದು, ಒಂದೇ ವೋಲ್ಟೇಜ್‌ನಲ್ಲಿ ಓಡಿಸಿ, ಹೊಂದುವ ಜೋಡಿ ಇಟ್ಟುಕೊಳ್ಳಿ. ಉಳಿದ ವ್ಯತ್ಯಾಸವನ್ನು ರಿಮೋಟಿನಲ್ಲಿ ಟ್ರಿಮ್ ಮಾಡಿ, ಅಂದರೆ ಸರಿದೂಗಿಸಿ. 25 ಮಿಲಿ ವ್ಯಾಸದ, 12 ವೋಲ್ಟಿನ, 300 ಆರ್‌ಪಿಎಂ ಗೇರ್ ಮೋಟಾರ್ ಕೇಳಿ. ಲೆಕ್ಕ ಹಾಕಿದ್ದೇನೆ: ಮೂಲ ಹಡಗು 14 ನಾಟ್ ಓಡಿದರೆ ಮಾದರಿ ಸೆಕೆಂಡಿಗೆ 85 ಸೆಂ.ಮೀ. ಓಡಬೇಕು. ಗಾಲಿ ಕಾಲು ಭಾಗ ಜಾರುತ್ತದೆ ಅಂದುಕೊಂಡರೆ 7 ಸೆಂ.ಮೀ. ಗಾಲಿಗೆ 310 ಸುತ್ತು ಬೇಕು.

ಹರಿಗೋಲು · ರಾತ್ರಿ 8:00

ಚುಕ್ಕಾಣಿಗೂ ಒಂದು ಉಪಾಯ. ಹಳೇ ಸಿಡಿ ಡಬ್ಬದ ಪಾರದರ್ಶಕ ಪ್ಲಾಸ್ಟಿಕ್ ಕತ್ತರಿಸಿ ಚುಕ್ಕಾಣಿಯ ಕೆಳಗೂ ಹಿಂದೂ ಅಂಟಿಸಿ. ನೀರಿನಲ್ಲಿ ಕಾಣುವುದೇ ಇಲ್ಲ, ಅಳತೆ ಒಂದೂವರೆ ಪಟ್ಟು ಆಗುತ್ತದೆ. 35 ಡಿಗ್ರಿಗಿಂತ ಜಾಸ್ತಿ ತಿರುಗಿಸಬೇಡಿ. ಆಮೇಲೆ ಅದು ತಿರುಗಿಸುವುದಿಲ್ಲ, ಬ್ರೇಕ್ ಹಾಕುತ್ತದೆ ಅಷ್ಟೆ.

ಕೆರೆ_ಏರಿ · ಮೂರು ವಾರದ ನಂತರ, ಭಾನುವಾರ ಬೆಳಿಗ್ಗೆ 10:25

ಕೆರೆಯಿಂದ ಈಗ ಬಂದೆ. ಕೈ ಇನ್ನೂ ಒದ್ದೆ ಇದೆ.

ಕೋಣೆಗಳನ್ನೆಲ್ಲ ಅರ್ಧ ಮಿಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಹೊಸದಾಗಿ ಕಟ್ಟಿದೆ. ಚಿಮಣಿಗಳು ಡ್ರಾಯಿಂಗ್ ಹಾಳೆಯ ಕೊಳವೆ. ಮೊದಲು 480 ಗ್ರಾಂ ಇದ್ದದ್ದು 150ಕ್ಕೆ ಇಳಿಯಿತು. ಪ್ಲೈ ಗಾಲಿ, ಪೀಣ್ಯ_ಲೇತ್ ಅವರ ಗುಂಬ. ದುಡ್ಡು ತೆಗೆದುಕೊಳ್ಳಲಿಲ್ಲ, ಕಾಫಿ ಕುಡಿದು ಕಳಿಸಿದರು. ಬ್ಯಾಟರಿ ತಳಕ್ಕೆ ಮಲಗಿತು. ಎರಡು ಮೋಟಾರ್. ಒಟ್ಟು 1.9 ಕೆಜಿ. ಮುಳುಗುವುದು 3 ಸೆಂ.ಮೀ. ಅದೇ 50 ಗ್ರಾಂ, ಅದೇ 10 ಸೆಂ.ಮೀ., ಈ ಸಲ 5.5 ಡಿಗ್ರಿ. ಜಿ.ಎಂ. 2.7.

ಗಾಳಿ ಇತ್ತು. ವಾಲಿತು, ಆದರೆ ತಕ್ಷಣ ಎದ್ದಿತು. ಮೂತಿ ಹೊರಳಲಿಲ್ಲ. ಮಿಕ್ಸಿಂಗ್ ಹಾಕಿ ತಿರುಗಿಸಿದೆ, ಒಂದು ಬಾತುಕೋಳಿಯ ಸುತ್ತ ಪೂರ್ತಿ ವೃತ್ತ ಹೊಡೆದು ವಾಪಸ್ ಬಂತು. ಬಾತುಕೋಳಿ ಅಲ್ಲಾಡಲೂ ಇಲ್ಲ. ಮಿಕ್ಸಿಂಗ್ ತೆಗೆದು ನೇರ ಬಿಟ್ಟಾಗ ಎರಡು ಗಾಲಿಯ ಹಿಂದೆ ಬಿಳಿ ನೊರೆಯ ಎರಡು ಗೆರೆ, ಮಧ್ಯೆ ನುಣ್ಣಗಿನ ನೀರು. ಸದ್ದೂ ಬಂತು, ಪದ್ಮಾ_ತೀರ ಅವರೇ. ಚಿಕ್ಕದಾಗಿ, ಆದರೆ ಬಂತು.

ಒಂದೇ ಚಿಂತೆ. ಅರ್ಧ ಗಂಟೆ ಆದ ಮೇಲೆ ಮತ್ತೆ ಓಲಾಡಲು ಶುರು ಮಾಡಿತು. ಎತ್ತಿ ನೋಡಿದರೆ ಒಳಗೆ ಅರ್ಧ ಲೋಟ ನೀರು.

ಪದ್ಮಾ_ತೀರ · ಬೆಳಿಗ್ಗೆ 10:31

ವಿಡಿಯೋ ಹಾಕಿ, ಸದ್ದಿನ ಸಮೇತ.

ತೂಕದ_ತಕ್ಕಡಿ · ಬೆಳಿಗ್ಗೆ 10:50

ಬಹಳ ಸಂತೋಷ ಆಯಿತು. ಆ ಅರ್ಧ ಲೋಟವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಡಗು ವಾಲಿದಾಗ ಅಷ್ಟೂ ನೀರು ವಾಲಿದ ಕಡೆಗೇ ಓಡುತ್ತದೆ. ತಳದ ಮಧ್ಯೆ ಉದ್ದಕ್ಕೆ ಒಂದು ಪಟ್ಟಿ ಅಂಟಿಸಿ, ನೀರು ಎರಡು ಭಾಗ ಆಗಲಿ. ಆ ತೊಂದರೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನೀರು ಬರುವುದು ಎಲ್ಲಿಂದ?

ಕೆರೆ_ಏರಿ · ಬೆಳಿಗ್ಗೆ 10:58

ಅಚ್ಚಿನ ತೂತಿನಿಂದ. ತೂತು ನೀರಿನ ಮಟ್ಟಕ್ಕಿಂತ ಮೇಲೇ ಇದೆ. ಆದರೆ ಗಾಲಿ ಎರಚುವ ನೀರು ಡಬ್ಬದೊಳಗೆ ಬಡಿದು ಅಲ್ಲಿಂದ ನುಗ್ಗುತ್ತಿದೆ.

ಪೀಣ್ಯ_ಲೇತ್ · ಬೆಳಿಗ್ಗೆ 11:04

ಅಚ್ಚಿಗೆ 4 ಸೆಂ.ಮೀ. ಹಿತ್ತಾಳೆ ಕೊಳವೆ ಹಾಕಿ ಒಳಗೆ ಗ್ರೀಸ್ ತುಂಬಿ. ಗಾಲಿ ಪಕ್ಕದಲ್ಲಿ ಅಚ್ಚಿಗೆ ಒಂದು ರಬ್ಬರ್ ಬಿಲ್ಲೆ ಕೂರಿಸಿ, ನೀರು ಅಲ್ಲೇ ಸಿಡಿದು ಹೋಗುತ್ತದೆ. ಕೊಳವೆ ನನ್ನ ಹತ್ತಿರ ಇದೆ. ಶನಿವಾರ ಬನ್ನಿ.

ಮಗಳ_ಜೊತೆ · ಬೆಳಿಗ್ಗೆ 11:30

ಮುಂದಿನ ಭಾನುವಾರ ನಾವೂ ಬರಬಹುದಾ? ಎಣ್ಣೆ ಡಬ್ಬದ ಹಿಂಗಾಲಿ ಹಡಗು ಮುಗಿದಿದೆ. ಬಕೆಟ್ಟಿನಲ್ಲಿ ಬಿಟ್ಟು ಅವಳೇ ತೂಕ ಸರಿಸಿ ಪರೀಕ್ಷೆ ಮಾಡಿದಳು. ಜಿ.ಎಂ. 4 ಬಂತು.

ಕೆರೆ_ಏರಿ · ಬೆಳಿಗ್ಗೆ 11:33

ಖಂಡಿತ ಬನ್ನಿ. ಗಾಳಿ ಏಳುವ ಮೊದಲು, ಆರೂವರೆಗೆ. ಕಾವಲುಗಾರರಿಗೆ ನಾನು ಹೇಳಿಟ್ಟಿರುತ್ತೇನೆ. ಒಂದು ಜೊತೆ ಒಣ ಬಟ್ಟೆ ತನ್ನಿ.